ಮೂರು ಸಲ ಅಲೈನ್‌ಮೆಂಟ್ ಮಾಡ್ಸಿದ್ರೂ ಬಲಕ್ಕೇ ಎಳೀತಿದ್ದ ಪಿಕಪ್: ಒಂದು ಪ್ರಕರಣ

ನಮ್ಮನೆ ಪಿಕಪ್ ತೆಂಗಿನಕಾಯಿ, ಕೊಬ್ಬರಿ ಹೊರೋ ಗಾಡಿ. ತಿಪಟೂರು ಎಪಿಎಂಸಿಗೆ ಕೊಬ್ಬರಿ, ಅರಸೀಕೆರೆಗೆ ಕಾಯಿ, ತಿಂಗಳಿಗೆ ಎರಡು ಮೂರು ಸಲ ಬೆಂಗಳೂರು. ಹೋಗ್ತಾ ಲೋಡು, ಬರ್ತಾ ಹೆಚ್ಚು ಪಾಲು ಖಾಲಿ. ಮುಂದೆ ಡಬಲ್ ವಿಶ್‌ಬೋನು (ಒಂದೊಂದು ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮು), ಸ್ಪ್ರಿಂಗ್ ಬದಲು ಟಾರ್ಷನ್ ಬಾರು (ತಿರುಚಿಕೊಂಡು ಭಾರ ಹೊರೋ ಉಕ್ಕಿನ ಸರಳು), ಹಿಂದೆ ಗಟ್ಟಿ ಆಕ್ಸಲ್ಲು ಕಮಾನು ಪಟ್ಟಿ, ಸ್ಟೇರಿಂಗ್ ಹಳೇ ಕಾಲದ ಬಾಕ್ಸ್ ಟೈಪು. ಟೈರು 215/75 ಆರ್ 15. ಕಂಪನಿ ಹೆಸರು ಇಲ್ಲಿ ಬೇಕಾಗಿಲ್ಲ ಯಾಕಂದ್ರೆ ತಪ್ಪು ಕಂಪನಿದಲ್ಲ, ಗಾಡಿಗೆ ವಯಸ್ಸಾಗಿತ್ತು ಅಷ್ಟೇ, ಮತ್ತೆ ಆ ವಯಸ್ಸನ್ನ ಯಾರೂ ಸರಿಯಾಗಿ ನೋಡಿರಲಿಲ್ಲ. ಇದೇ ತರ ಮುಂಭಾಗ ಇರೋ ಯಾವ ಪಿಕಪ್ಪಿಗೂ ಈ ಕಥೆ ಆಗಬಹುದು ಅಂತ ಪೂರ್ತಿ ವಿವರವಾಗಿ ಬರೀತಿದ್ದೀನಿ.

ಶುರುವಾಗಿದ್ದು ಟೈರಿಂದ. ಮುಂದಕ್ಕೆ ಎರಡು ಹೊಸ ಟೈರು ಹಾಕ್ಸಿದ್ವಿ, 12,800 ರೂಪಾಯಿ. ಆರು ಸಾವಿರ ಕಿಲೋಮೀಟರ್ ಓಡೋ ಹೊತ್ತಿಗೆ ಎಡಗಡೆ ಟೈರಿನ ಒಳ ಅಂಚು ಎರಡು ಬೆರಳಗಲ ಬೋಳಾಗಿತ್ತು, ಹೊರಗಿಂದ ನೋಡಿದ್ರೆ ಟೈರು ಚೆನ್ನಾಗೇ ಕಾಣ್ತಿತ್ತು, ಹಾಗಾಗಿ ನಾವ್ಯಾರೂ ಗಮನಿಸಲಿಲ್ಲ. ಪಂಕ್ಚರ್ ಹಾಕೋನು ಟೈರ್ ಬಿಚ್ಚಿ ಮಗುಚಿ ಹಾಕಿದಾಗ್ಲೇ ಗೊತ್ತಾಗಿದ್ದು. ಅದರ ಮೇಲೆ ಅಂಗೈ ಇಟ್ಟು ಅಡ್ಡಕ್ಕೆ ಸವರಿದೆ, ಒಂದು ದಿಕ್ಕಿಗೆ ಸವರಿದ್ರೆ ನಯ, ವಾಪಸ್ ಸವರಿದ್ರೆ ಗರಗಸದ ಹಲ್ಲು ತರ ಚುಚ್ಚುತ್ತೆ, ಅಂದ್ರೆ ಟೈರಿನ ಒಂದೊಂದು ಗಟ್ಟೆನೂ ಒಂದೇ ಕಡೆಗೆ ವಾಲಿ ಸವೆದಿದೆ. ಒಳ ಅಂಚು ಬೋಳಾಗಿದ್ರೆ ಸಾಮಾನ್ಯವಾಗಿ ಕ್ಯಾಂಬರ್ ಕಡೆ ಬೆರಳು, ಗರಗಸ ಆಗಿದ್ರೆ ಟೋ ಕಡೆ ಬೆರಳು. ಕ್ಯಾಂಬರ್ ಅಂದ್ರೆ ಮುಂದಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ (ಮೈನಸ್) ಇಲ್ಲಾ ಹೊರಕ್ಕೆ (ಪ್ಲಸ್) ವಾಲಿರೋದು, ಟೋ ಅಂದ್ರೆ ಮೇಲಿಂದ ನೋಡಿದಾಗ ಎರಡು ಚಕ್ರದ ಮುಂದಿನ ತುದಿ ಒಳಕ್ಕೆ (ಇನ್) ಇಲ್ಲಾ ಹೊರಕ್ಕೆ (ಔಟ್) ತಿರುಗಿರೋದು. ಇಂಥ ಕೋನಗಳನ್ನ ಸರಿಮಾಡೋದೇ ಅಲೈನ್‌ಮೆಂಟ್. ನಮ್ಮ ಟೈರಲ್ಲಿ ಎರಡೂ ಇತ್ತು.

ಎರಡನೇ ಲಕ್ಷಣ ರಸ್ತೇಲಿ. ಮಾಮೂಲಿ ರಸ್ತೇಲಿ ಎಡಗಡೆ ಹೋಗ್ತಾ ಇದ್ರೆ ಗಾಡಿ ನೆಟ್ಟಗೇ ಹೋಗೋದು, ಕೈ ಬಿಟ್ರೂ ಹೋಗೋದು. ಆದ್ರೆ ಮುಂದಿರೋ ಟ್ರ್ಯಾಕ್ಟರ್ ಓವರ್‌ಟೇಕ್ ಮಾಡೋಕೆ ರಸ್ತೆ ಬಲಭಾಗಕ್ಕೆ ಹೋದ ತಕ್ಷಣ ಸ್ಟೇರಿಂಗ್ ಬಲಕ್ಕೆ ಜಗ್ಗೋದು, ವಾಪಸ್ ಎಡಕ್ಕೆ ತರೋಕೆ ತೋಳಲ್ಲಿ ಬಲ ಹಾಕ್ಬೇಕು. ಎದುರಿಗೆ ಬಸ್ ಬರ್ತಿದ್ದಾಗ ಇದು ಎಷ್ಟು ಭಯ ಹುಟ್ಸುತ್ತೆ ಅಂತ ಓಡಿಸಿದವರಿಗೇ ಗೊತ್ತು. ನಮ್ಮಪ್ಪ ಇದಕ್ಕೇ ಕತ್ತಲಾದ ಮೇಲೆ ಗಾಡಿ ಮುಟ್ಟೋದೇ ಬಿಟ್ಟಿದ್ರು.

ಇದರ ಕಾರಣ ನನಗೆ ಆಮೇಲೆ ಅರ್ಥ ಆಯ್ತು. ನಮ್ಮ ಎರಡು ಲೈನಿನ ರಸ್ತೆಗಳು ಮಧ್ಯ ಎತ್ತರ, ಎರಡೂ ಅಂಚಿಗೆ ಇಳಿಜಾರು, ಮಳೆನೀರು ಹರಿಯಲಿ ಅಂತ. ಎಡಗಡೆ ಹೋಗೋವಾಗ ಇಳಿಜಾರು ಗಾಡೀನ ಎಡಕ್ಕೆ ಜಾರಿಸುತ್ತೆ, ಗಾಡಿ ಸ್ವಂತಕ್ಕೆ ಬಲಕ್ಕೆ ಎಳೀತಿದ್ರೆ ಎರಡೂ ಸಮ ಆಗಿ ನೆಟ್ಟಗೆ ಹೋದಂಗೆ ಕಾಣುತ್ತೆ. ಬಲಭಾಗಕ್ಕೆ ಹೋದ್ರೆ ಇಳಿಜಾರೂ ಬಲಕ್ಕೆ, ಗಾಡಿನೂ ಬಲಕ್ಕೆ, ಎರಡೂ ಸೇರ್ಕೊಳ್ತವೆ. ಅದಕ್ಕೇ ಅಲೈನ್‌ಮೆಂಟ್ ಆದ್ಮೇಲೆ ಅಂಗಡಿಯವರು ಎಡಗಡೆ ಒಂದು ರೌಂಡ್ ಹೋಗಿಬಂದು ಸರಿಯಿದೆ ಸಾರ್ ಅಂದ್ರೆ ಅದು ಪರೀಕ್ಷೆ ಆಗಲ್ಲ. ಖಾಲಿ ಇರೋ, ಸಮತಟ್ಟಾದ ಜಾಗದಲ್ಲಿ, ಹೋಗ್ತಾ ಒಂದು ಸಲ ಬರ್ತಾ ಒಂದು ಸಲ ನೋಡ್ಬೇಕು.

ಈಗ ಆ ಮೂರು ಅಲೈನ್‌ಮೆಂಟು. ಮೊದಲನೇದು ಹತ್ತಿರದ ಪೇಟೇಲಿ, 450 ರೂಪಾಯಿ, ಹತ್ತೇ ನಿಮಿಷ. ಗಾಳಿ ನೋಡಲಿಲ್ಲ, ಚಕ್ರ ಎತ್ತಿ ಅಲ್ಲಾಡಿಸಲಿಲ್ಲ, ಎರಡು ಕಡೆ ಲೇಸರ್ ಸಿಕ್ಕಿಸಿ ಟೈ ರಾಡ್ (ಸ್ಟೇರಿಂಗ್ ಲಿಂಕನ್ನ ಚಕ್ರಕ್ಕೆ ಸೇರಿಸೋ ಸರಳು) ತಿರುಗಿಸಿ ಮುಗಿಸಿದ್ರು. ನೆಟ್ಟಗೆ ಹೋಗುವಾಗ ಸ್ಟೇರಿಂಗ್ ಕಡ್ಡಿ ಎಡಕ್ಕೆ ವಾಲಿತ್ತು, ಹೇಳಿದ್ದಕ್ಕೆ ಸ್ಟೇರಿಂಗ್ ಮಧ್ಯದ ನಟ್ ಬಿಚ್ಚಿ ವೀಲೇ ಕಿತ್ತು ಕೆಲವು ಹಲ್ಲು ಈಚೆಗೆ ಕೂರಿಸಿ ಕೊಟ್ರು. ಕಣ್ಣಿಗೆ ನೆಟ್ಟಗಾಯ್ತು. ಇದು ಎಂಥಾ ಕೆಟ್ಟ ಕೆಲಸ ಅಂತ ಆಗ ನಂಗೆ ಗೊತ್ತಿರಲಿಲ್ಲ, ಮುಂದೆ ಬರುತ್ತೆ.

ಎರಡನೇದು ತುಮಕೂರಲ್ಲಿ, ಕಂಪ್ಯೂಟರ್ ಮೆಷಿನ್ನು, 700 ರೂಪಾಯಿ, ಪ್ರಿಂಟ್ ಕೊಟ್ರು. ಎಡ ಕ್ಯಾಂಬರ್ ಮೈನಸ್ 1 ಡಿಗ್ರಿ 25 ಮಿನಿಟ್, ಬಲ ಕ್ಯಾಂಬರ್ ಮೈನಸ್ 15 ಮಿನಿಟ್ (60 ಮಿನಿಟ್ ಅಂದ್ರೆ ಒಂದು ಡಿಗ್ರಿ). ಟೋ 4 ಮಿಲಿಮೀಟರ್ ಔಟ್ ಇತ್ತು, 2 ಮಿಲಿಮೀಟರ್ ಇನ್ ಮಾಡಿ ಕೊಟ್ರು. ಕ್ಯಾಸ್ಟರ್ ಕಾಲಮ್ಮು ಖಾಲಿ, ಅದೇನು ಅಂತ ಮುಂದೆ ಹೇಳ್ತೀನಿ. ಕ್ಯಾಂಬರ್ ಬಗ್ಗೆ ಕೇಳಿದ್ರೆ ಈ ಗಾಡೀಲಿ ಅದು ಅಡ್ಜಸ್ಟ್ ಆಗಲ್ಲ ಅಂದ್ರು. ಮೂರನೇದು ಒಂದು ವಾರ ಬಿಟ್ಟು ಅರಸೀಕೆರೆ ಕಡೆ ಹೋದಾಗ, ಯಾಕಂದ್ರೆ ಎಳೆತ ಹಂಗೇ ಇತ್ತು. ಅಲ್ಲಿ ಮೆಷಿನ್ ಹಾಕಿದ್ರೆ ವಾರದ ಹಿಂದೆ 2 ಇನ್ ಮಾಡಿದ್ದ ಟೋ ಈಗ 1 ಔಟ್ ಅಂತ ತೋರಿಸ್ತು. ಅವರು ಮತ್ತೆ ಸರಿಮಾಡಿದ್ರು, ಕ್ಯಾಂಬರಿಗೆ ಚೈನ್ ಕಟ್ಟಿ ಹೈಡ್ರಾಲಿಕ್ ಜಾಕಲ್ಲಿ ಆರ್ಮ್ ಬೆಂಡ್ ಮಾಡಿ ಕೊಡ್ತೀನಿ ಅಂದ್ರು. ನಾನು ಬೇಡ ಅಂದೆ. ಆ ದಿನ ಬೇಡ ಅಂದಿದ್ದು ಒಳ್ಳೇದಾಯ್ತು. ಗಾಡಿಯ ಪೂರ್ತಿ ಭಾರ ಹೊರೋ ಆರ್ಮನ್ನ ಬಗ್ಗಿಸಿ ಅಂಕಿ ಸರಿಮಾಡೋದು ಅಂದ್ರೆ ಕಬ್ಬಿಣಕ್ಕೆ ಒಳಗೊಳಗೇ ಬಿರುಕಿನ ದಾರಿ ಮಾಡಿಕೊಟ್ಟಂಗೆ, ಮತ್ತೆ ಮೂಲ ಕಾರಣ ಹಂಗೇ ಉಳ್ಕೊಳ್ಳುತ್ತೆ.

ಆ ಎರಡು ಪ್ರಿಂಟ್ ಪಕ್ಕ ಪಕ್ಕ ಇಟ್ಕೊಂಡು ಕೂತಾಗ ನನಗೆ ಹೊಳೆದಿದ್ದು ಒಂದೇ ವಿಷಯ. ಟೈ ರಾಡ್ ಲಾಕ್ ಆಗಿದೆ, ಯಾರೂ ಮುಟ್ಟಿಲ್ಲ, 300 ಕಿಲೋಮೀಟರ್ ಓಡಿದೆ, ಗುಂಡಿಗೆ ಜೋರಾಗಿ ಬಿದ್ದಿಲ್ಲ, ಆದ್ರೂ ಟೋ 3 ಮಿಲಿಮೀಟರ್ ಬದಲಾಗಿದೆ. ಎರಡರಲ್ಲೊಂದು ಮೆಷಿನ್ ಸುಳ್ಳು ಹೇಳ್ತಿದೆ ಅಂತ ಅಂದ್ಕೊಂಡೆ, ಆದ್ರೆ ಮನೇಲೇ ಒಂದ್ಸಲ ಅಳೆದು ನೋಡೋಣ ಅನ್ನಿಸ್ತು.

ಮನೇಲಿ ಟೋ ಅಳೆಯೋದು ಕಷ್ಟ ಏನಲ್ಲ. ಕೊಬ್ಬರಿ ಗೋಡೌನಿನ ಮುಂದೆ ಸಿಮೆಂಟ್ ಕಣ ಇದೆ, ಸಮತಟ್ಟು. ಮುಂದಿನ ಚಕ್ರ ಜಾಕ್ ಎತ್ತಿ, ತಿರುಗಿಸ್ತಾ ಟೈರಿನ ಮಧ್ಯಕ್ಕೆ ಸುತ್ತಲೂ ಸೀಮೆಸುಣ್ಣ ಬಳಿದು, ಒಂದು ಮರದ ತುಂಡಿಗೆ ಮೊಳೆ ಹೊಡೆದು ನೆಲಕ್ಕೆ ಒತ್ತಿ ಹಿಡಿದು, ಚಕ್ರ ತಿರುಗಿಸಿದ್ರೆ ಸುಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಬೀಳುತ್ತೆ. ಎರಡೂ ಚಕ್ರಕ್ಕೂ ಹಂಗೇ. ಇಳಿಸಿ, ಗಾಡೀನ ಕೈಯಲ್ಲೇ ತಳ್ಳಿ ಒಂದೆರಡು ಮೀಟರ್ ಉರುಳಿಸಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಟೇಪ್ ಹಿಡಿದು ಹಬ್ಬಿನ ಎತ್ತರದಲ್ಲಿ ಟೈರಿನ ಮುಂದುಗಡೆ ಗೆರೆಯಿಂದ ಗೆರೆಗೆ ಅಳೀಬೇಕು, ಆಮೇಲೆ ಹಿಂದುಗಡೆ. ಹಿಂದಿನ ಅಳತೆ ಜಾಸ್ತಿ ಇದ್ರೆ ಟೋ ಇನ್, ಮುಂದಿನದು ಜಾಸ್ತಿ ಇದ್ರೆ ಟೋ ಔಟ್. ತಂಗಿ ಟೇಪಿನ ಆ ತುದಿ ಹಿಡಿದಿದ್ಲು.

ಮೊದಲನೇ ಸಲ 1 ಮಿಲಿಮೀಟರ್ ಇನ್ ಬಂತು. ಅನುಮಾನಕ್ಕೆ ಮತ್ತೆ ಅಳೆದ್ರೆ 3 ಔಟ್. ಮೂರನೇ ಸಲ 2 ಇನ್. ಅಳತೆ ತಪ್ಪಾ ಅಂತ ನಿಧಾನಕ್ಕೆ ಯೋಚ್ನೆ ಮಾಡಿದ್ರೆ, ಔಟ್ ಬಂದ ಸಲ ಗಾಡೀನ ಮುಂದಕ್ಕೆ ತಳ್ಳಿ ನಿಲ್ಸಿದ್ವಿ, ಇನ್ ಬಂದ ಎರಡೂ ಸಲ ಹಿಂದಕ್ಕೆ ಉರುಳಿಸಿ ನಿಲ್ಸಿದ್ವಿ. ಮತ್ತೆ ಮಾಡಿದ್ವಿ, ಮುಂದಕ್ಕೆ ಉರುಳಿಸಿದಾಗ ಪ್ರತಿ ಸಲ ಔಟ್, ಹಿಂದಕ್ಕೆ ಉರುಳಿಸಿದಾಗ ಪ್ರತಿ ಸಲ ಇನ್. ಮುಂದಕ್ಕೆ ಹೋಗುವಾಗ ನೆಲ ಚಕ್ರಾನ ಹಿಂದಕ್ಕೆ ಎಳೆಯುತ್ತೆ, ಲಿಂಕಿನಲ್ಲಿ ಎಲ್ಲೋ ಆಟ ಇದ್ರೆ ಅಷ್ಟೂ ಬಿಚ್ಚಿಕೊಂಡು ಚಕ್ರಗಳು ಹೊರಕ್ಕೆ ಬಾಯಿ ಬಿಡ್ತವೆ. ಅಂದ್ರೆ ಮೂರೂ ಅಂಗಡಿಯವರ ಮೆಷಿನ್ ತಪ್ಪು ಹೇಳಿಲ್ಲ, ಅವತ್ತು ಗಾಡಿ ಹೆಂಗೆ ನಿಂತಿತ್ತೋ ಹಂಗೇ ಹೇಳಿದೆ. ಗಾಡೀನೇ ಒಂದು ಅಂಕಿ ಮೇಲೆ ನಿಲ್ಲೋ ಸ್ಥಿತೀಲಿ ಇರಲಿಲ್ಲ. ಸಡಿಲ ಆದ ಮುಂಭಾಗಕ್ಕೆ ಅಲೈನ್‌ಮೆಂಟ್ ಮಾಡ್ಸೋದು ಅಂದ್ರೆ ತೂಗಾಡೋ ತಕ್ಕಡೀಲಿ ಕೊಬ್ಬರಿ ತೂಗಿದಂಗೆ.

ಟೋ ತಪ್ಪಿದ್ರೆ ಟೈರಿಗೆ ಏನಾಗುತ್ತೆ ಅಂತ ಒಂದು ಲೆಕ್ಕ ಹಾಕಿದೆ. ನಮ್ಮ ಟೈರಿನ ವ್ಯಾಸ ಸುಮಾರು 70 ಸೆಂಟಿಮೀಟರ್. ಒಟ್ಟು ಟೋ ಔಟ್ 4 ಮಿಲಿಮೀಟರ್ ಅಂದ್ರೆ ಒಂದೊಂದು ಚಕ್ರಕ್ಕೆ 2 ಮಿಲಿಮೀಟರ್, 700ಕ್ಕೆ 2. ಒಂದು ಕಿಲೋಮೀಟರ್ ಹೋದ್ರೆ ಪ್ರತಿ ಮುಂದಿನ ಟೈರು ಹತ್ತಿರ ಹತ್ತಿರ 3 ಮೀಟರ್ ಅಡ್ಡಕ್ಕೆ ಹೋಗೋಕೆ ನೋಡುತ್ತೆ, ಗಾಡಿ ಬಿಡಲ್ಲ, ಹಾಗಾಗಿ ಅಷ್ಟನ್ನೂ ರಸ್ತೆ ಮೇಲೆ ಉಜ್ಜುತ್ತೆ. ತಿಪಟೂರಿಂದ ಬೆಂಗಳೂರಿಗೆ 140 ಕಿಲೋಮೀಟರ್ ಅಂತ ಇಟ್ಕೊಂಡ್ರೆ 400 ಮೀಟರ್. ಟೈರನ್ನ ಹಗ್ಗ ಕಟ್ಟಿ 400 ಮೀಟರ್ ಡಾಂಬರ್ ಮೇಲೆ ಅಡ್ಡಡ್ಡ ಎಳ್ಕೊಂಡು ಹೋದಂಗೆ, ಪ್ರತಿ ಟ್ರಿಪ್ಪಿಗೂ, ಅದೂ ಲೋಡ್ ಸಮೇತ. ಈ ಲೆಕ್ಕ ಹೇಳಿದ ಮೇಲೆ ನಮ್ಮಪ್ಪಂಗೆ ಇನ್ನೇನೂ ಬಿಡಿಸಿ ಹೇಳ್ಬೇಕಾಗಿ ಬರಲಿಲ್ಲ.

ಇಷ್ಟಾದ್ಮೇಲೆ ಹೋಗಿದ್ದು ಒಬ್ಬ ಹಳೇ ಮೇಸ್ತ್ರಿ ಹತ್ರ. ಲಾರಿ, ಜೀಪುಗಳ ಮುಂಭಾಗದ ಕೆಲಸ ಮಾತ್ರ ಮಾಡೋರು, ಅಲೈನ್‌ಮೆಂಟ್ ಮೆಷಿನ್ ಅವರ ಹತ್ರ ಇಲ್ಲ. ಪ್ರಿಂಟು ತೋರಿಸೋಕೆ ಹೋದೆ, ಇರಲಿ ಪಕ್ಕಕ್ಕಿಡು ಅಂದು ಮೊದಲು ನಾಲ್ಕೂ ಟೈರಿಗೆ ಗಾಳಿ ನೋಡಿದ್ರು. ಬಲ ಎಡಕ್ಕೆ 6 ಪಿಎಸ್‌ಐ ವ್ಯತ್ಯಾಸ. ಸರಿಮಾಡಿದ್ರು. ಆಮೇಲೆ ಎಂಜಿನ್ ಆಫ್ ಇದ್ದಂಗೇ ಸ್ಟೇರಿಂಗ್ ಎಡದ ತುದಿಗೆ ತಿರುಗಿಸಿ ಅಲ್ಲಿಂದ ಬಲದ ತುದಿವರೆಗೆ ಎಣಿಸಿದ್ರು, ನಾಲ್ಕು ಸುತ್ತು. ಚಕ್ರ ನೆಟ್ಟಗೆ ಇಟ್ಟು ಅಲ್ಲಿಂದ ಎಣಿಸಿದ್ರೆ ಬಲಕ್ಕೆ ಎರಡೂಕಾಲು, ಎಡಕ್ಕೆ ಒಂದೂ ಮುಕ್ಕಾಲು. ವೀಲ್ ಯಾರಾದ್ರೂ ಕಿತ್ತು ಕೂರಿಸಿದ್ರಾ ಅಂತ ಕೇಳಿದ್ರು. ನಾನು ಹೇಳಿರಲೇ ಇಲ್ಲ.

ಅವರು ವಿವರಿಸಿದ್ದು ಹೀಗೆ. ಈ ತರ ಸ್ಟೇರಿಂಗ್ ಬಾಕ್ಸಿನ ಒಳಗೆ ಹಲ್ಲುಗಳು ಸರಿಯಾಗಿ ಮಧ್ಯದಲ್ಲಿ ಬಿಗಿ ಇರೋ ಹಂಗೆ, ಎರಡೂ ಪಕ್ಕಕ್ಕೆ ಹೋಗ್ತಾ ಸ್ವಲ್ಪ ಸಡಿಲ ಆಗೋ ಹಂಗೆ ಮಾಡಿರ್ತಾರೆ. ನೆಟ್ಟಗೆ ಹೋಗೋವಾಗ ಬಾಕ್ಸ್ ಆ ಬಿಗಿ ಜಾಗದಲ್ಲೇ ಇರಬೇಕು. ಟೈ ರಾಡನ್ನ ಎರಡೂ ಕಡೆ ಸಮವಾಗಿ ತಿರುಗಿಸದೆ ಒಂದೇ ಕಡೆ ತಿರುಗಿಸಿದ್ರೆ ಟೋ ಸರಿ ಬರುತ್ತೆ, ಆದ್ರೆ ನೆಟ್ಟಗೆ ಹೋಗೋವಾಗ ಬಾಕ್ಸು ಮಧ್ಯ ಬಿಟ್ಟು ಪಕ್ಕಕ್ಕೆ ಹೋಗಿರುತ್ತೆ, ಅದನ್ನ ಹೇಳೋಕೇ ಸ್ಟೇರಿಂಗ್ ಕಡ್ಡಿ ವಾಲೋದು. ವೀಲ್ ಕಿತ್ತು ನೆಟ್ಟಗೆ ಕೂರಿಸಿದ್ರೆ ಹೇಳೋ ಬಾಯಿ ಮುಚ್ಚಿಸಿದಂಗೆ, ಗಾಡಿ ಮಾತ್ರ ಬಾಕ್ಸಿನ ಸಡಿಲ ಜಾಗದಲ್ಲೇ ಓಡ್ತಾ ಇರುತ್ತೆ, ಹೈವೇಲಿ ಆ ಕಡೆ ಈ ಕಡೆ ಅಲೆಯುತ್ತೆ. ಈ ವಿಷಯ ನನಗೆ ಗಾಡಿ ತಗೊಂಡ ದಿನವೇ ಯಾರಾದ್ರೂ ಹೇಳಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅನ್ನಿಸ್ತು.

ಮುಂದೆ ಕೆಳಗಡೆ. ಚಕ್ರ ನೆಲದ ಮೇಲಿದ್ದಂಗೇ ಎಂಜಿನ್ ಸ್ಟಾರ್ಟ್ ಮಾಡಿಸಿ ನನ್ನ ಕೈಲಿ ಸ್ಟೇರಿಂಗನ್ನ ಎಡ ಬಲ ಸ್ವಲ್ಪ ಸ್ವಲ್ಪ ಅಲ್ಲಾಡಿಸೋಕೆ ಹೇಳಿ ಅವರು ಕೆಳಗೆ ಮಲಗಿ ಒಂದೊಂದು ಜಾಯಿಂಟ್ ಮೇಲೂ ಬೆರಳಿಟ್ಟು ನೋಡಿದ್ರು. ಐಡ್ಲರ್ ಆರ್ಮ್ ಹತ್ರ ನಿಂತ್ರು. ನಮ್ಮಲ್ಲಿ ಸ್ಟೇರಿಂಗ್ ಬಲಗಡೆ, ಬಾಕ್ಸೂ ಬಲಗಡೆ ಚಾಸಿಗೆ, ಐಡ್ಲರ್ ಎಡಗಡೆ ಚಾಸಿಗೆ ಇರುತ್ತೆ, ಮಧ್ಯದ ಲಿಂಕಿನ ಎಡ ತುದೀನ ಹಿಡ್ಕೊಳ್ಳೋದೇ ಅದರ ಕೆಲಸ. ನನ್ನನ್ನೂ ಕೆಳಗೆ ಕರೆದು ತೋರಿಸಿದ್ರು. ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದ್ರೆ ಆರ್ಮಿನ ತುದಿ 6 ಮಿಲಿಮೀಟರ್ ಹತ್ರ ಆಡ್ತಿತ್ತು, ಬುಷ್ಷಿನ ಬಾಯಲ್ಲಿ ತುಕ್ಕಿನ ಕೆಂಪು ಪುಡಿ, ಗ್ರೀಸ್ ಒಣಗಿ ಮಣ್ಣಾಗಿತ್ತು. ಆ ತುದಿ ಮೇಲೆ ಕೆಳಗೆ ಆದಂಗೆಲ್ಲಾ ಎಡಚಕ್ರದ ಟೈ ರಾಡ್ ಕೋನ ಬದಲಾಗಿ ಟೋ ಬದಲಾಗುತ್ತೆ. ಅಲ್ಲಿಗೆ ಸೀಮೆಸುಣ್ಣದ ಒಗಟು ಬಿಡಿಸಿದಂಗಾಯ್ತು.

ಬಾಲ್ ಜಾಯಿಂಟ್, ಅಂದ್ರೆ ಆರ್ಮನ್ನ ಚಕ್ರದ ಕಡೆಗೆ ಸೇರಿಸೋ ಗುಂಡು ಕೀಲು, ನೋಡಿದ ರೀತಿಯೂ ಹೇಳ್ಬೇಕು. ಚಾಸಿ ಕೆಳಗೆ ಜಾಕ್ ಇಟ್ಟು ಎತ್ತಿದ್ರೆ ನಮ್ಮಂಥ ಗಾಡೀಲಿ ಸುಳ್ಳು ಫಲಿತಾಂಶ ಬರುತ್ತೆ, ಯಾಕಂದ್ರೆ ಟಾರ್ಷನ್ ಬಾರು ಕೆಳಗಿನ ಆರ್ಮನ್ನ ಒತ್ತಿ ಹಿಡ್ಕೊಂಡಿರುತ್ತೆ, ಜಾಯಿಂಟ್ ಬಿಗಿಯಾಗಿ ಕೂತಿರುತ್ತೆ, ಆಟ ಇದ್ರೂ ಕಾಣಲ್ಲ. ಸ್ಪ್ರಿಂಗೋ ಬಾರೋ ಯಾವ ಆರ್ಮಿಗೆ ಕೂತಿದೆಯೋ, ಕೆಳಗಿನ ಆರ್ಮಾದ್ರೆ, ಜಾಕನ್ನ ಅದೇ ಆರ್ಮಿನ ಕೆಳಗೆ ಚಕ್ರಕ್ಕೆ ಹತ್ರವಾಗಿ ಇಡಬೇಕು. ಆಮೇಲೆ ಚಕ್ರಾನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸ್ಬೇಕು. ಆಟ ಸಿಕ್ಕಿದ್ರೆ ಇನ್ನೊಬ್ಬರ ಕೈಲಿ ಬ್ರೇಕ್ ಒತ್ತಿಸಿ, ಬ್ರೇಕ್ ಒತ್ತಿದಾಗ ಆಟ ಮಾಯ ಆದ್ರೆ ಅದು ವೀಲ್ ಬೇರಿಂಗ್, ಆಗ್ಲೂ ಇದ್ರೆ ಬಾಲ್ ಜಾಯಿಂಟ್. ನಮ್ಮದ್ರಲ್ಲಿ ಬೇರಿಂಗ್ ಸ್ವಲ್ಪ ಸಡಿಲ, ಟೈಟ್ ಮಾಡಿದ್ರು. ಬಾಲ್ ಜಾಯಿಂಟು ನಾಲ್ಕೂ ಚೆನ್ನಾಗಿದ್ವು. ಟೈ ರಾಡ್ ಎಂಡುಗಳೂ ಪರವಾಗಿಲ್ಲ. ಹಿಂದೆ ಆಕ್ಸಲ್ ಸರಿದಿದೆಯಾ ಅಂತ ಎರಡೂ ಪಕ್ಕ ಹಬ್ಬಿಂದ ಹಬ್ಬಿಗೆ ಟೇಪ್ ಹಿಡಿದು ನೋಡಿದ್ರು, 2 ಮಿಲಿಮೀಟರ್ ವ್ಯತ್ಯಾಸ, ಲೆಕ್ಕಕ್ಕಿಲ್ಲ.

ಇಷ್ಟೆಲ್ಲಾ ಆದ್ಮೇಲೂ ಕ್ಯಾಂಬರ್ ಪ್ರಶ್ನೆ ಉಳೀತಲ್ಲ. ಜಾಯಿಂಟ್ ಚೆನ್ನಾಗಿದೆ, ಆರ್ಮ್ ಬಗ್ಗಿಲ್ಲ, ಮತ್ತೆ ಎಡಚಕ್ರ ಯಾಕೆ ಒಳಕ್ಕೆ ವಾಲಿದೆ. ಮೇಸ್ತ್ರಿ ಗಾಡಿ ಮುಂದೆ ಹತ್ತು ಹೆಜ್ಜೆ ದೂರ ಹೋಗಿ ನಿಂತು ಸುಮ್ನೆ ನೋಡಿದ್ರು. ಆಮೇಲೆ ಹಬ್ಬಿನ ಮಧ್ಯದಿಂದ ಮೇಲಕ್ಕೆ ಮಡ್‌ಗಾರ್ಡ್ ಅಂಚಿಗೆ ಅಳೆದ್ರು. ನೆಲದಿಂದ ಅಳೀಬಾರ್ದು, ಟೈರಿನ ಗಾಳಿ, ಸವೆತ ಎಲ್ಲಾ ಅದರಲ್ಲಿ ಸೇರ್ಕೊಳ್ಳುತ್ತೆ. ಬಲಗಡೆ 46.3 ಸೆಂಟಿಮೀಟರ್, ಎಡಗಡೆ 44.2. ಹಿಂದುಗಡೆ ಎರಡೂ ಸಮ. ಅಂದ್ರೆ ಎಡಗಡೆ ಟಾರ್ಷನ್ ಬಾರು ವರ್ಷಗಟ್ಟಲೆ ಭಾರ ಹೊತ್ತು ಕುಸಿದಿದೆ, 21 ಮಿಲಿಮೀಟರ್.

ಈ ತರ ವಿಶ್‌ಬೋನಲ್ಲಿ ಮೇಲಿನ ಆರ್ಮ್ ಗಿಡ್ಡ, ಕೆಳಗಿನದು ಉದ್ದ. ಗಾಡಿ ಕುಸಿದಂಗೆ ಚಕ್ರ ಮೇಲಕ್ಕೆ ಬಂದಂಗಾಗುತ್ತೆ, ಗಿಡ್ಡ ಆರ್ಮು ಸಣ್ಣ ವೃತ್ತದಲ್ಲಿ ತಿರುಗಿ ಚಕ್ರದ ತಲೆಯನ್ನ ಒಳಕ್ಕೆ ಎಳ್ಕೊಳ್ಳುತ್ತೆ. ಅದೇ ಮೈನಸ್ ಕ್ಯಾಂಬರ್. ಗಾಡಿ ಯಾವ ಕಡೆ ಕ್ಯಾಂಬರ್ ಹೆಚ್ಚು ಪ್ಲಸ್ ಇದೆಯೋ ಆ ಕಡೆಗೆ ಎಳೆಯುತ್ತೆ, ಎಡ ಅಷ್ಟು ಮೈನಸ್ ಆಗಿದ್ದಕ್ಕೆ ಬಲಕ್ಕೆ ಎಳೀತಿತ್ತು. ಟೈರಿನ ಒಳ ಅಂಚೂ ಅದಕ್ಕೇ ಹೋಗಿದ್ದು. ಅಡ್ಜಸ್ಟ್ ಆಗಲ್ಲ ಅಂದವರದ್ದೂ, ಬಗ್ಗಿಸ್ತೀನಿ ಅಂದವರದ್ದೂ ಇಲ್ಲೇ ತಪ್ಪಿದ್ದು. ಎತ್ತರ ನೋಡದೆ ಕ್ಯಾಂಬರ್ ಅಂಕಿ ಓದೋದ್ರಲ್ಲಿ ಅರ್ಥಾನೇ ಇಲ್ಲ. ಮೂರೂ ಅಂಗಡೀಲಿ ಒಬ್ಬರಾದ್ರೂ ಒಂದು ಟೇಪು ತಗೊಂಡು ಎರಡು ಪಕ್ಕ ಅಳೆದಿದ್ರೆ ಎರಡು ನಿಮಿಷದ ಕೆಲಸ ಆಗಿತ್ತು, ನಮ್ಮ ಟೈರು ಉಳೀತಿತ್ತು. ನನಗೆ ಈಗ್ಲೂ ಬೇಜಾರು ಇರೋದು ಇದೊಂದೇ ವಿಷಯಕ್ಕೆ.

ಟಾರ್ಷನ್ ಬಾರಿನ ಹಿಂದಿನ ತುದೀಲಿ, ಅಡ್ಡ ಮೆಂಬರ್ ಹತ್ರ, ಒಂದು ಉದ್ದ ಬೋಲ್ಟ್ ಇರುತ್ತೆ, ಅದನ್ನ ಬಿಗಿ ಮಾಡಿದ್ರೆ ಗಾಡಿ ಏಳುತ್ತೆ. ಮುಂಭಾಗ ಪೂರ್ತಿ ಎತ್ತಿ ಭಾರ ಇಳಿಸಿಯೇ ತಿರುಗಿಸ್ಬೇಕು, ಇಲ್ಲಾಂದ್ರೆ ಥ್ರೆಡ್ ಕಿತ್ತು ಬರುತ್ತೆ. ಮೇಸ್ತ್ರಿ ಬೋಲ್ಟಿಗೆ ಹಿಂದಿನ ರಾತ್ರಿನೇ ಎಣ್ಣೆ ಬಿಟ್ಟಿದ್ರು, ಮೊದಲು ಎಷ್ಟು ಥ್ರೆಡ್ ಹೊರಗಿದೆ ಅಂತ ಬಾಗಿಲಿನ ಮೇಲೆ ಸುಣ್ಣದಲ್ಲಿ ಬರೆದುಕೊಂಡ್ರು. ಒಂದೂವರೆ ಸುತ್ತು ತಿರುಗಿಸೋದು, ಇಳಿಸೋದು, ಗಾಡೀನ ಹಿಂದೆ ಮುಂದೆ ಉರುಳಿಸಿ ಬಂಪರ್ ಹಿಡಿದು ಕುಣಿಸೋದು, ಅಳೆಯೋದು. ಉರುಳಿಸದೆ ಅಳೆದ್ರೆ ಟೈರು ನೆಲ ಕಚ್ಚಿಕೊಂಡಿರೋದ್ರಿಂದ ಎತ್ತರ ಹೆಚ್ಚು ತೋರಿಸುತ್ತೆ. ನಾಲ್ಕು ಸಲ ಹಿಂಗೆ ಮಾಡಿ ಎಡಗಡೆ 46.2ಕ್ಕೆ ತಂದ್ರು. ಇಲ್ಲಿ ಒಂದು ಮಾತು, ಲೋಡ್ ಜಾಸ್ತಿ ಹೊರಲಿ ಅಂತ ಈ ಬೋಲ್ಟನ್ನ ಸಿಕ್ಕಾಪಟ್ಟೆ ಬಿಗಿ ಮಾಡ್ಸೋರು ಇದ್ದಾರೆ. ಬಾರು ಅದರಿಂದ ಗಟ್ಟಿ ಆಗಲ್ಲ, ಅದರ ಶಕ್ತಿ ಇರೋದು ಅದರ ದಪ್ಪ ಉದ್ದದಲ್ಲಿ, ಬೋಲ್ಟು ಎತ್ತರಾನ ಮಾತ್ರ ಬದಲಾಯಿಸುತ್ತೆ. ಅತಿ ಎತ್ತರ ಮಾಡಿದ್ರೆ ಮೇಲಿನ ಆರ್ಮು ಸ್ಟಾಪರಿಗೆ ತಾಗಿ ಗಾಡಿ ಕುಟ್ಟುತ್ತೆ, ಅದನ್ನೇ ಗಟ್ಟಿ ಆಯ್ತು ಅಂದ್ಕೊಳ್ತಾರೆ, ಕ್ಯಾಂಬರೂ ಪ್ಲಸ್ ಕಡೆ ಹೋಗಿ ಈ ಸಲ ಹೊರ ಅಂಚು ತಿನ್ನುತ್ತೆ.

ಐಡ್ಲರ್ ಹೊಸದು ಹಾಕಿದ್ವಿ, ಮಜೂರಿ ಸೇರಿ 1,400. ಸ್ಟೇರಿಂಗ್ ವೀಲ್ ಕಿತ್ತು, ಬಾಕ್ಸನ್ನ ತುದಿಯಿಂದ ತುದಿಗೆ ಎಣಿಸಿ ಸರಿಯಾಗಿ ಎರಡು ಸುತ್ತಿಗೆ ನಿಲ್ಲಿಸಿ, ವೀಲನ್ನ ಅದರ ಹಳೇ ಜಾಗಕ್ಕೆ ಕೂರಿಸಿ, ಅಲ್ಲಾಡದಂಗೆ ಸೀಟಿಗೆ ಕಟ್ಟಿ, ಆಮೇಲೆ ಎರಡೂ ಟೈ ರಾಡ್ ತಿರುಗಿಸಿ ಸುಣ್ಣದ ಗೆರೇಲೇ ಟೋ ಒಂದು ಹದಕ್ಕೆ ತಂದ್ರು. ಇಲ್ಲಿಗೆ ನನ್ನ ಕೆಲಸ ಆಯ್ತು, ಇನ್ನು ಮೆಷಿನ್ ಹತ್ರ ಹೋಗು, ಆದ್ರೆ ಕ್ಯಾಸ್ಟರ್ ನೋಡದೆ ಬರ್ಬೇಡ ಅಂದ್ರು. ಅಡ್ಜಸ್ಟ್ ಮಾಡೋ ಕ್ರಮಾನೂ ಹೇಳಿ ಕಳಿಸಿದ್ರು, ಮೊದಲು ಕ್ಯಾಸ್ಟರ್ ಕ್ಯಾಂಬರ್, ಕೊನೇಗೆ ಟೋ. ಕ್ಯಾಂಬರ್ ಮುಟ್ಟಿದ್ರೆ ಟೋ ಬದಲಾಗುತ್ತೆ, ಟೋ ಮುಟ್ಟಿದ್ರೆ ಕ್ಯಾಂಬರ್ ಬದಲಾಗೋದು ಇಲ್ಲ ಅನ್ನೋಷ್ಟು ಕಮ್ಮಿ.

ಕ್ಯಾಸ್ಟರ್ ಅಂದ್ರೆ ಚಕ್ರ ತಿರುಗೋ ಅಕ್ಷ ಹಿಂದಕ್ಕೆ ಎಷ್ಟು ವಾಲಿದೆ ಅನ್ನೋದು, ಸೈಕಲ್ಲಿನ ಮುಂದಿನ ಫೋರ್ಕ್ ವಾಲಿರುತ್ತಲ್ಲ ಹಂಗೆ. ಸ್ಟೇರಿಂಗ್ ತಾನಾಗೇ ನೆಟ್ಟಗೆ ಬರೋದು ಅದರಿಂದ. ಅದನ್ನ ನೇರವಾಗಿ ಅಳೆಯೋಕಾಗಲ್ಲ, ಚಕ್ರ ತಿರುಗೋ ತಟ್ಟೆ ಮೇಲೆ ಇರ್ಬೇಕು, ಒಂದು ಕಡೆ 20 ಡಿಗ್ರಿ, ಇನ್ನೊಂದು ಕಡೆ 20 ಡಿಗ್ರಿ ತಿರುಗಿಸಿ, ಕ್ಯಾಂಬರ್ ಎಷ್ಟು ಬದಲಾಯ್ತು ಅಂತ ನೋಡಿ ಮೆಷಿನ್ನು ಲೆಕ್ಕ ಹಾಕುತ್ತೆ. ಮೆಷಿನ್ ಮೇಲೆ ನಿಮ್ಮ ಗಾಡಿ ಚಕ್ರ ಹಿಂಗೆ ಅಕ್ಕಪಕ್ಕ ತಿರುಗಿಸಲಿಲ್ಲ ಅಂದ್ರೆ ಕ್ಯಾಸ್ಟರ್ ನೋಡೇ ಇಲ್ಲ ಅಂತ ಅರ್ಥ, ಪ್ರಿಂಟಲ್ಲಿ ಏನು ಬಂದಿದ್ರೂ ಸರಿ.

ನಾಲ್ಕನೇ ಅಂಗಡಿ. ಡ್ರೈವರ್ ಸೀಟಲ್ಲಿ ನಾನು ಕೂತೆ, ಡೀಸೆಲ್ ಅರ್ಧ ಟ್ಯಾಂಕ್ ಇತ್ತು, ಮೊದಲೇ ಹೇಳಿದೆ, ಅರ್ಧ ಗಂಟೆ ಆದ್ರೂ ಸರಿ, ಬದಲಾಯಿಸೋಕೆ ಮುಂಚಿನ ಅಂಕಿ ಆಮೇಲಿನ ಅಂಕಿ ಎರಡೂ ಬೇಕು ಅಂತ. ಕ್ಯಾಂಬರ್ ಎಡ ಮೈನಸ್ 20 ಮಿನಿಟ್, ಬಲ ಮೈನಸ್ 15. ಒಂದು ಡಿಗ್ರಿ ಮೇಲೆ ವಾಪಸ್ ಬಂದಿತ್ತು, ಕ್ಯಾಂಬರಿಗೆ ಅಂತ ಯಾರೂ ಕೈ ಹಾಕದೆ, ಬರೀ ಎತ್ತರ ಸರಿಮಾಡಿದ್ದಕ್ಕೆ. ಗಾಡಿಗೆ ಕೊಟ್ಟಿರೋ ಮಿತಿ ಸೊನ್ನೆಯಿಂದ ಆಚೆ ಈಚೆ 30 ಮಿನಿಟ್. ಕ್ಯಾಸ್ಟರ್ ಎಡ 2 ಡಿಗ್ರಿ 5 ಮಿನಿಟ್, ಬಲ 2 ಡಿಗ್ರಿ 35. ಮಿತಿ 2ರಿಂದ 3 ಡಿಗ್ರಿ, ಹಾಗಾಗಿ ಎರಡೂ ಹಸಿರು, ಹುಡುಗ ಓಕೆ ಸಾರ್ ಅಂದ.

ಓಕೆ ಅಲ್ಲ ಅದು. ಒಂದೊಂದೇ ನೋಡಿದ್ರೆ ಹಸಿರು, ಆದ್ರೆ ಎಡಕ್ಕೂ ಬಲಕ್ಕೂ 30 ಮಿನಿಟ್ ವ್ಯತ್ಯಾಸ, ಗಾಡಿ ಕ್ಯಾಸ್ಟರ್ ಕಮ್ಮಿ ಇರೋ ಕಡೆಗೆ ಎಳೆಯುತ್ತೆ, ಅಂದ್ರೆ ಈಗ ಎಡಕ್ಕೆ. ಇಷ್ಟು ದಿನ ಕ್ಯಾಂಬರ್ ಬಲಕ್ಕೆ ಎಳೀತಿದ್ದಾಗ ಇದು ಸ್ವಲ್ಪ ಎಡಕ್ಕೆ ಎಳೆದು ಮುಚ್ಚಿಹಾಕ್ತಿತ್ತು. ಹಂಗೇ ಬಿಟ್ಟಿದ್ರೆ ಬಲದ ಎಳೆತ ಹೋಗಿ ಎಡದ ಎಳೆತ ಶುರು ಆಗ್ತಿತ್ತು, ಅದೂ ರಸ್ತೆಯ ಇಳಿಜಾರಿನ ಜೊತೆ ಸೇರ್ಕೊಂಡು.

ನಮ್ಮ ಗಾಡೀಲಿ ಮೇಲಿನ ಆರ್ಮು ಎರಡು ಬೋಲ್ಟಲ್ಲಿ ಕೂತಿರುತ್ತೆ, ಬೋಲ್ಟಿನ ಹಿಂದೆ ತೆಳು ತಗಡಿನ ಶಿಮ್ಮುಗಳು. ಎರಡೂ ಬೋಲ್ಟಿಂದ ಸಮವಾಗಿ ತೆಗೆದ್ರೆ ಅಥವಾ ಹಾಕಿದ್ರೆ ಕ್ಯಾಂಬರ್ ಬದಲಾಗುತ್ತೆ, ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಿದ್ರೆ ಕ್ಯಾಸ್ಟರ್ ಬದಲಾಗುತ್ತೆ. ಟೊಯೋಟಾ ಹೈಲಕ್ಸ್ ತರದವುಗಳಲ್ಲಿ ಶಿಮ್ ಬದಲು ಕೆಳಗಿನ ಆರ್ಮಿನ ಬೋಲ್ಟಿಗೇ ತೂತು ಮಧ್ಯ ಬಿಟ್ಟು ಪಕ್ಕಕ್ಕಿರೋ ಬಿಲ್ಲೆ, ಅಂದ್ರೆ ಕ್ಯಾಮ್, ಇರುತ್ತೆ, ಕೆಲಸ ಅದೇ. ಟಾಟಾ ಏಸ್ ತರ ಮುಂದೆಯೂ ಗಟ್ಟಿ ಆಕ್ಸಲ್ ಇರೋ ಗಾಡೀಲಿ ಮಾಮೂಲಾಗಿ ಟೋ ಒಂದೇ ತಿರುಗಿಸೋಕೆ ಸಿಗೋದು. ಅದನ್ನೇ ದಿನಾ ಮಾಡೋ ಕೈ ಎಲ್ಲಾ ಗಾಡಿಗೂ ಅಷ್ಟೇ ಅಂದ್ಕೊಂಡುಬಿಡುತ್ತೆ.

ಹುಡುಗ ಶಿಮ್ ಯಾವತ್ತೂ ಬಿಚ್ಚಿರಲಿಲ್ಲ. ಓನರ್ ಬಂದು ಮುಂಭಾಗ ಎತ್ತಿ ಭಾರ ಇಳಿಸಿ ಎಡಗಡೆ ಬೋಲ್ಟ್ ಸಡಿಲ ಮಾಡಿ 1 ಮಿಲಿಮೀಟರಿನ ಒಂದು ಶಿಮ್ಮನ್ನ ಒಂದು ಬೋಲ್ಟಿಂದ ಇನ್ನೊಂದಕ್ಕೆ ದಾಟಿಸಿದ್ರು. ಮತ್ತೆ ತಟ್ಟೆ ಮೇಲೆ ತಿರುಗಿಸಿದ್ರೆ ಎಡ 2 ಡಿಗ್ರಿ 30. ಅವರು ಕೇಳಿದ್ರು, ರಸ್ತೆ ಎಡಕ್ಕೆ ಇಳಿಜಾರು ಇರುತ್ತಲ್ಲ, ಬಲಗಡೆ ಸ್ವಲ್ಪ ಕಮ್ಮಿ ಇಟ್ಟು ಅದಕ್ಕೆ ಸರಿದೂಗಿಸಲಾ ಅಂತ. ಹೈವೇಲೇ ಓಡೋ ಗಾಡಿಗೆ ಅದು ಒಳ್ಳೇ ಪದ್ಧತಿ. ನಾವು ಓಡೋದು ಹೆಚ್ಚು ಪಾಲು ಹಳ್ಳಿ ರಸ್ತೇಲಿ, ರಸ್ತೆ ಮಧ್ಯದಲ್ಲೇ, ಓವರ್‌ಟೇಕಲ್ಲಿ ಬಲಕ್ಕೆ ಜಗ್ಗೋದು ಸಾಕಾಗಿತ್ತು, ಸಮವಾಗೇ ಇರಲಿ ಅಂದೆ. ಕೊನೇಗೆ ಟೋ, ಒಟ್ಟು 2 ಮಿಲಿಮೀಟರ್ ಇನ್, ಎರಡೂ ಕಡೆ 1, 1.

ತಟ್ಟೆ ಮೇಲಿದ್ದಾಗ್ಲೇ ಇನ್ನೊಂದು ನೋಡಿಸಿದೆ. ತಿರುವಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು, ಎರಡೂ ಸಮ ತಿರುಗಿದ್ರೆ ಒಂದು ಟೈರು ಉಜ್ಜುತ್ತೆ. ಎತ್ತಿನಗಾಡೀಲಿ ಇರೋದು ಒಂದೇ ಅಚ್ಚು, ಇಡೀ ಗಾಡಿನೇ ತಿರುಗುತ್ತೆ, ಹಾಗಾಗಿ ಈ ಪ್ರಶ್ನೆ ಇಲ್ಲ. ಕುದುರೆಗಾಡಿಗಳಿಗೆ ಇದನ್ನ ಕಂಡುಹಿಡಿದಿದ್ದು ಮ್ಯೂನಿಕ್ಕಿನ ಗಾಡಿ ಕಟ್ಟೋ ಜಾರ್ಜ್ ಲ್ಯಾಂಕೆನ್ಸ್‌ಪರ್ಗರ್, 1818ರಲ್ಲಿ ಲಂಡನ್ನಲ್ಲಿ ಅವನ ಪರವಾಗಿ ಪೇಟೆಂಟ್ ತಗೊಂಡ ರುಡಾಲ್ಫ್ ಆಕರ್ಮನ್ ಹೆಸರೇ ಅದಕ್ಕೆ ಉಳೀತು. ಸ್ಟೇರಿಂಗ್ ಆರ್ಮ್ ಬಗ್ಗಿದ್ರೆ ಈ ಅಳತೆ ಕೆಡುತ್ತೆ, ನೆಟ್ಟಗೆ ಇರುವಾಗ ಟೋ ಸರಿಯಾಗೇ ತೋರಿಸ್ತಿರುತ್ತೆ. ಬಲಕ್ಕೆ ತಿರುಗಿಸಿದಾಗ ಎಷ್ಟು ವ್ಯತ್ಯಾಸವೋ ಎಡಕ್ಕೆ ತಿರುಗಿಸಿದಾಗ್ಲೂ ಅಷ್ಟೇ ಬಂತು, ಆರ್ಮುಗಳು ನೆಟ್ಟಗಿವೆ ಅಂತ ಸಮಾಧಾನ ಆಯ್ತು.

ಲೋಡಿನ ಪರೀಕ್ಷೆ ಮಾರನೇ ದಿನ. ಎರಡು ಸಾವಿರ ಸುಲಿದ ಕಾಯಿ, ಹನ್ನೆರಡು ಕ್ವಿಂಟಾಲ್ ಹತ್ರ. ಲೋಡ್ ಬಿದ್ರೆ ಹಿಂದುಗಡೆ ಕುಸಿಯುತ್ತೆ, ವೀಲ್‌ಬೇಸ್ 3 ಮೀಟರ್ ಇರೋ ಗಾಡಿ ಹಿಂದೆ 5 ಸೆಂಟಿಮೀಟರ್ ಕುಸಿದ್ರೆ ಕ್ಯಾಸ್ಟರ್ ಸುಮಾರು 1 ಡಿಗ್ರಿ ಹೆಚ್ಚಾಗುತ್ತೆ, ಸ್ಟೇರಿಂಗ್ ಸ್ವಲ್ಪ ಭಾರ ಅನ್ಸುತ್ತೆ, ಅದು ದೋಷ ಅಲ್ಲ. ಅಪ್ಪನೇ ಓಡಿಸಿದ್ರು. ಹುಳಿಯಾರು ರಸ್ತೇಲಿ ಒಂದು ಟ್ರ್ಯಾಕ್ಟರ್ ಸಿಕ್ತು, ಹಾರ್ನ್ ಹೊಡೆದು ಬಲಕ್ಕೆ ಹೋಗಿ ದಾಟಿ ವಾಪಸ್ ಎಡಕ್ಕೆ ಬಂದ್ರು. ಏನೂ ಮಾತಾಡಲಿಲ್ಲ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ ಸ್ಟೇರಿಂಗಿಂದ ಒಂದು ಕೈ ತೆಗೆದು ಕಿಟಕಿ ಮೇಲೆ ಇಟ್ರು.

ಸಾವಿರ ಕಿಲೋಮೀಟರ್ ಆದ್ಮೇಲೆ ಮತ್ತೆ ಎತ್ತರ ಅಳೆದೆ, ಎಡ ಬಾರು 3 ಮಿಲಿಮೀಟರ್ ಕೂತಿತ್ತು, ಮೇಸ್ತ್ರಿ ಹತ್ರ ಅರ್ಧ ಸುತ್ತು ಕೊಡಿಸಿ ಟೋ ಮತ್ತೆ ಸುಣ್ಣದಲ್ಲಿ ನೋಡಿದ್ವಿ, ಮುಂದಕ್ಕೆ ಉರುಳಿಸಿದ್ರೂ ಹಿಂದಕ್ಕೆ ಉರುಳಿಸಿದ್ರೂ ಅರ್ಧ ಮಿಲಿಮೀಟರಿನ ವ್ಯತ್ಯಾಸ ಅಷ್ಟೇ. ಆ ಬೋಳು ಟೈರಿನ ಜಾಗಕ್ಕೆ ಹಾಕಿದ ಹೊಸ ಟೈರು ಎಂಟು ಸಾವಿರ ಕಿಲೋಮೀಟರ್ ಆದ್ಮೇಲೆ ಗೇಜ್ ಹಾಕಿ ನೋಡಿದ್ರೆ ಒಳಗೆ 6.9, ಮಧ್ಯ 7.0, ಹೊರಗೆ 6.8 ಮಿಲಿಮೀಟರ್. ಅಂಗೈ ಇಟ್ಟು ಎರಡೂ ದಿಕ್ಕಿಗೆ ಸವರಿದೆ, ಎರಡೂ ಕಡೆ ಒಂದೇ ತರ ಇತ್ತು. ಐಡ್ಲರಿನ ಗ್ರೀಸ್ ನಿಪ್ಪಲ್ಲಿಗೆ ಈಗ ಪ್ರತಿ ತಿಂಗಳು ಮೊದಲನೇ ಭಾನುವಾರ ಗ್ರೀಸ್ ಗನ್ ಹಿಡ್ಕೊಂಡು ಕೆಳಗೆ ಮಲಗೋದು ನನ್ನ ಕೆಲಸ, ಸುತ್ತಲಿಂದ ಹೊಸ ಗ್ರೀಸ್ ಹೊರಗೆ ಬರೋವರೆಗೂ ಒತ್ತಿ, ಒರೆಸಿ, ಆರ್ಮನ್ನ ಒಂದ್ಸಲ ಕೈಯಲ್ಲಿ ಅಲ್ಲಾಡಿಸಿ ನೋಡಿ ಏಳ್ತೀನಿ.